ಮಗಳಿಗೊಂದು ಪತ್ರ: ಅಜ್ಜನ ಕಾಗದಗಳ ಜಿಲ್ಲೆ, ರಾಜ್ಯ

ಡೊಂಬಿವಲಿ

ಚಿ. ಮಗಳಿಗೆ ಅಮ್ಮನ ಆಶೀರ್ವಾದ.

ಅಜ್ಜನ ಕಾಗದಗಳಲ್ಲಿ ಅವರ ಊರು ಜಮಖಂಡಿಯ ಮುಂದೆ ಒಂದೊಂದರಲ್ಲಿ ಒಂದೊಂದು ಜಿಲ್ಲೆ, ಒಂದೊಂದು ರಾಜ್ಯ ಇದೆ, ಯಾವುದು ಸರಿ ಅಂತ ಕೇಳಿದ್ದೀಯಲ್ಲ. ಎಲ್ಲವೂ ಸರಿಯೇ. ಮೊದಲು ತಾರೀಖು ನೋಡು, ಆಮೇಲೆ ವಿಳಾಸ ಓದು.

1948ರ ವಿಲೀನದವರೆಗೆ ಜಮಖಂಡಿ ಪಟವರ್ಧನ ಮನೆತನದ ಅರಸರ ಸಂಸ್ಥಾನ. ಆಮೇಲೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. 1950ರ ಜನವರಿ 26ರಿಂದ ಪ್ರಾಂತ ಹೋಗಿ ಮುಂಬಯಿ ರಾಜ್ಯವಾಯಿತು. 1956ರ ನವೆಂಬರ್ 1ಕ್ಕೆ ಅದೇ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು, 1997ರಲ್ಲಿ ವಿಜಾಪುರ ಒಡೆದು ಬಾಗಲಕೋಟೆ ಜಿಲ್ಲೆಯಾಯಿತು. ಇನ್ನೂ ಹಳೆಯ ಕಾಗದದಲ್ಲಿ 'ಕಲಾದಗಿ ಜಿಲ್ಲೆ' ಅಂತ ಕಂಡರೆ ಗಾಬರಿಯಾಗಬೇಡ. 1880ರ ದಶಕದಲ್ಲಿ ಕಚೇರಿ ವಿಜಾಪುರಕ್ಕೆ ಹೋಗುವ ಮೊದಲು ಆ ಭಾಗದ ಜಿಲ್ಲಾಸ್ಥಳ ಕಲಾದಗಿಯೇ.

ಇಷ್ಟೊಂದು ಬದಲಾವಣೆ ಯಾಕೆಂದರೆ, ಮುಂಬಯಿ ಇಲಾಖೆಯನ್ನು, ಅಂದರೆ ಬ್ರಿಟಿಷರ ಬಾಂಬೆ ಪ್ರೆಸಿಡೆನ್ಸಿಯನ್ನು, ಯಾರೂ ಭಾಷೆ ನೋಡಿ ಕಟ್ಟಿದ್ದಲ್ಲ. ಗೆದ್ದದ್ದನ್ನು ಗೆದ್ದ ಹಾಗೆ ಸೇರಿಸುತ್ತ ಹೋದರು. 1818ರಲ್ಲಿ ಪೇಶ್ವೆಗಳ ಸೀಮೆ, 1843ರಲ್ಲಿ ಸಿಂಧ್. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಹಾಕಿದ್ದರ ಹಿಂದೆ ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಲೆಕ್ಕವಿತ್ತು. ದಕ್ಷಿಣ ಕನ್ನಡ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ನನ್ನ ತವರು ಕುಂದಾಪುರದ ಹಳೆಯ ಪತ್ರಗಳಲ್ಲಿ ಮದ್ರಾಸ್, ಅಜ್ಜನ ಪತ್ರಗಳಲ್ಲಿ ಮುಂಬಯಿ. ಇಬ್ಬರೂ ಕನ್ನಡದವರೇ.

1956ರಲ್ಲಿ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಮೈಸೂರಿಗೆ ಬಂದವು; ಬೆಳಗಾವಿಯ ಚಂದಗಡ ತಾಲೂಕು ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಅದೇ ದಿನ ಮರಾಠವಾಡಾ, ವಿದರ್ಭ, ಸೌರಾಷ್ಟ್ರ, ಕಚ್ಛ್ ಮುಂಬಯಿಗೆ ಸೇರಿದವು. 1960ರ ಮೇ 1ಕ್ಕೆ ಮಹಾರಾಷ್ಟ್ರ, ಗುಜರಾತ್ ಬೇರೆಯಾದವು. ಆಗ ಮಹಾರಾಷ್ಟ್ರಕ್ಕೆ 26 ಜಿಲ್ಲೆ, ಈಗ 36. ಮುಂಬಯಿ ಉಪನಗರ ಜಿಲ್ಲೆ ಆದದ್ದು 1990ರಲ್ಲಿ, ನಮ್ಮ ಠಾಣೆ ಜಿಲ್ಲೆಯಿಂದ ಪಾಲ್ಘರ್ ಹೊರಟದ್ದು 2014ರಲ್ಲಿ.

ಅರ್ಜಿ ತುಂಬುವಾಗ ಎಡವುವುದು ಇಲ್ಲೇ. ಅಜ್ಜ ಹುಟ್ಟಿದ್ದು 1946ರಲ್ಲಿ. ಹುಟ್ಟಿದ ಜಿಲ್ಲೆ ಬಾಗಲಕೋಟೆ ಅಂತಷ್ಟೇ ಬರೆದರೆ ದಾಖಲೆಗೂ ಅರ್ಜಿಗೂ ತಾಳೆಯಾಗದು, ಕೌಂಟರಿನವರು ವಾಪಸು ಕೊಟ್ಟಾರು. 'ಜಮಖಂಡಿ, ಅಂದಿನ ಜಮಖಂಡಿ ಸಂಸ್ಥಾನ, ಈಗಿನ ಬಾಗಲಕೋಟೆ ಜಿಲ್ಲೆ, ಕರ್ನಾಟಕ' ಅಂತ ಎರಡನ್ನೂ ಬರೆ. ಮೂಲ ಕಾಗದದ ಮೇಲೆ ಪೆನ್ನು ಮಾತ್ರ ಮುಟ್ಟಿಸಬೇಡ, ತಿದ್ದಿದ ದಾಖಲೆಯನ್ನು ಯಾರೂ ನಂಬುವುದಿಲ್ಲ. ಜೆರಾಕ್ಸ್ ಮೇಲೆ ಪೆನ್ಸಿಲಿನಲ್ಲಿ ಈಗಿನ ಹೆಸರು ಗುರುತು ಹಾಕಿಕೋ.

ಹೊಲದ ಉತಾರ (ಪಹಣಿ) ಕೇಳುವಾಗ ಊರು, ಸರ್ವೇ ನಂಬರು, ಹಿಸ್ಸಾ (ಆ ನಂಬರಿನ ಉಪಭಾಗ) ಮೂರನ್ನೂ ಹೇಳು. ಹಳೆಯ ಕಾಗದದಲ್ಲಿ ತಾಲೂಕಿನ ಬದಲು 'ಮಹಾಲು' ಅಥವಾ 'ಪೇಟಾ' ಅಂತಿದ್ದರೆ, ಅದು ಮಹಾಲಕರಿ ಎಂಬ ಕಂದಾಯ ಅಧಿಕಾರಿಯ ಕೈಕೆಳಗಿದ್ದ ಸಣ್ಣ ವಿಭಾಗ. ಈಗ ಅದು ಯಾವ ತಾಲೂಕಿನಲ್ಲಿದೆ ಎಂದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿಯೇ ಅರ್ಜಿ ಹಾಕು.

ನಿನ್ನ ಅಮ್ಮ