ಜ್ವರ ಬಂದರೆ ಮೊದಲು ಯಾರದ್ದು ಅಂತ ಕೇಳು

ಪ್ರೀತಿಯ ಗೆಳೆಯ,

ಹತ್ತರಲ್ಲಿ ಒಂಬತ್ತು ಪಾಲು ಹೆಂಗಸರಿಗೇ ಬರುವ ಲೂಪಸ್ಸನ್ನು ಹುಡುಕಿ ಮೈಮೇಲೆ ಎಳೆದುಕೊಂಡಿದ್ದೀಯಲ್ಲೋ, ನಿನ್ನ ಹಠವೇ ಹಠ. ಇದನ್ನು ನಾಲ್ಕು ಜನರೆದುರು ಬರೆಯುತ್ತಿರುವುದು ಬೇಕಂತಲೇ. ಖಾಸಗಿಯಾಗಿ ಕಳಿಸಿದರೆ ನೀನು ಓದುವುದಿಲ್ಲ, ಜನ ನೋಡುತ್ತಿದ್ದಾರೆಂದರೆ ಮರ್ಯಾದೆಗಾದರೂ ಓದುತ್ತೀಯ.

ಮಳೆ ಹಿಡಿದಿದೆ, ಬೆಂಗಳೂರಲ್ಲಿ ಡೆಂಗಿ ಶುರುವಾಗಿದೆ. ಇಮ್ಯುನಿಟಿ ಹೆಚ್ಚಿಸಿಕೊಳ್ಳೋಕೆ ಏನು ತಿನ್ನಲಿ ಅಂತ ನೀನು ಕೇಳಿದೆ. ಮಾರಾಯ, ಇಮ್ಯುನಿಟಿ ನಮ್ಮ ಮೈಮೇಲೇ ತಿರುಗಿಬಿದ್ದಿರುವುದು, ನಮ್ಮ ಕಾಯಿಲೆಯೇ ಅದು! ಕಾವಲಿಗಿಟ್ಟವನೇ ಮನೆಯವರಿಗೆ ದೊಣ್ಣೆ ಬೀಸುತ್ತಿರುವಾಗ ಅವನಿಗೆ ಬಾದಾಮಿ ಹಾಲು ಕೊಡುತ್ತಾರೇನು? ಶುಂಠಿ-ಮೆಣಸಿನ ಕಷಾಯ ಬೇಕಾದರೆ ಕುಡಿ. ಅಮೃತಬಳ್ಳಿ ಮಾತ್ರ ಬೇಡ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದು ಲಿವರ್ ಕೆಡಿಸಿಕೊಂಡವರ ಬಗ್ಗೆ ನಮ್ಮ ದೇಶದ ವೈದ್ಯರೇ ವರದಿ ಪ್ರಕಟಿಸಿದ್ದಾರೆ. ಆಲ್ಫಾಲ್ಫಾ ಮೊಳಕೆಯೂ ಬೇಡ, ಅದು ಲೂಪಸ್ಸನ್ನು ಕೆರಳಿಸುತ್ತದೆ. ಹೊರದೇಶಗಳಲ್ಲಿ ಕೊಡುವ ಡೆಂಗಿ ಲಸಿಕೆಗಳಲ್ಲಿ ಇರುವುದು ದುರ್ಬಲಗೊಳಿಸಿದ ಜೀವಂತ ವೈರಸ್, ಇಮ್ಯುನಿಟಿ ತಗ್ಗಿಸುವ ಮಾತ್ರೆ ನುಂಗುವ ನಮ್ಮಂಥವರಿಗಲ್ಲ. ವರ್ಷಕ್ಕೊಮ್ಮೆಯ ಫ್ಲೂ ಚುಚ್ಚುಮದ್ದು ಸರಿ, ಮೂಗಿಗೆ ಬಿಡುವ ಫ್ಲೂ ಲಸಿಕೆ ಬೇಡ.

ಸೊಳ್ಳೆಯ ವಿಷಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲು, ಅದರಲ್ಲೂ ಬೆಳಗ್ಗೆ ಮತ್ತು ಮುಸ್ಸಂಜೆಗೆ ಮುಂಚೆ. ರಾತ್ರಿ ಪರದೆ ಕಟ್ಟಿ ಧೈರ್ಯವಾಗಿ ಮಲಗಿದರೆ ಸಾಲದು. ಮೊಟ್ಟೆ ಸೊಳ್ಳೆಯಾಗಲು ಹೆಚ್ಚೂಕಡಿಮೆ ಒಂದು ವಾರ ಸಾಕು, ಆದ್ದರಿಂದ ವಾರಕ್ಕೊಮ್ಮೆ ನಿಂತ ನೀರು ಚೆಲ್ಲು. ಚೆಲ್ಲಿ ಸುಮ್ಮನಾಗಬೇಡ, ಒಳಗೋಡೆ ತಿಕ್ಕು. ಮೊಟ್ಟೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಫ್ರಿಜ್ ಹಿಂದಿನ ಟ್ರೇ, ಮನಿಪ್ಲಾಂಟ್ ಬಾಟಲಿ, ಸಂಪಿನ ಮುಚ್ಚಳದ ಸಂದು, ತಾರಸಿಯಲ್ಲಿ ಎಸೆದ ಎಳನೀರು ಬುರುಡೆ. ಬಿಸಿಲಿಗೆ ಲೂಪಸ್ ಕೆರಳುವ ನಮಗೆ ತುಂಬು ತೋಳಿನ ಅಂಗಿ ಹೇಗೂ ಬೇಕು, ಸೊಳ್ಳೆಗೂ ಆಯಿತು. ಮುಖ, ಕೈಗೆ ಮೊದಲು ಸನ್‌ಸ್ಕ್ರೀನ್, ಅದು ಹೀರಿಕೊಂಡ ಮೇಲೆ ಸೊಳ್ಳೆ ಕ್ರೀಮ್. ತಿರುಗಿಸಿ ಹಚ್ಚಬೇಡ.

ಮಾತ್ರೆ ಒಂದು ತಿಂಗಳಿನದು ಸದಾ ಮನೆಯಲ್ಲಿರಲಿ. 2020ರ ಮಾರ್ಚ್‌ನಲ್ಲಿ ಐಸಿಎಂಆರ್ ಕೋವಿಡ್ ತಡೆಗೆಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಸೂಚಿಸಿದ್ದು ಆರೋಗ್ಯ ಸಿಬ್ಬಂದಿಗೆ, ಸೋಂಕಿತರ ಮನೆಯವರಿಗೆ. ಆದರೆ ಕಂಡಕಂಡವರೆಲ್ಲ ಕೊಂಡು ಡಬ್ಬಿಗೆ ತುಂಬಿಕೊಂಡರು, ಲೂಪಸ್‌ಗೆಂದು ಅದನ್ನೇ ದಿನಾ ನುಂಗಬೇಕಾದ ನಾವು ಅಂಗಡಿ ಅಂಗಡಿ ಅಲೆದೆವು. ಕೊನೆಗೆ ಅದು ಕೋವಿಡ್‌ಗೆ ಕೆಲಸವನ್ನೇ ಮಾಡುವುದಿಲ್ಲ ಎಂದಾಯಿತು. ಎರಡು ದಿನ ತಪ್ಪಿದರೆ ಗಾಬರಿಯಾಗಬೇಡ, ಅದು ವಾರಗಟ್ಟಲೆ ಮೈಯಲ್ಲಿರುತ್ತದೆ. ಸ್ಟಿರಾಯ್ಡ್ ಹಾಗಲ್ಲ. ವಾರಗಟ್ಟಲೆ ಪ್ರೆಡ್ನಿಸೋಲೋನ್ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ, ಮೈಗೆ ಬೇಕಾದ ಸ್ಟಿರಾಯ್ಡನ್ನು ತಾನೇ ತಯಾರಿಸುವ ಕೆಲಸ ಮರೆತಿರುತ್ತದೆ. ಜ್ವರ ಬಂದಿದೆ, ಸ್ಟಿರಾಯ್ಡ್ ಒಳ್ಳೆಯದಲ್ಲ ಅಂತ ಯಾರೋ ಹೇಳಿದ್ದಕ್ಕೆ ನಿಲ್ಲಿಸಿದರೆ ಬಿಪಿ ಕುಸಿದು ಬೀಳುತ್ತೀಯ. ಜ್ವರದಲ್ಲಿ ಡೋಸ್ ಎಷ್ಟು ಏರಿಸಬೇಕು ಅಂತ ಡಾಕ್ಟರ ಹತ್ತಿರ ಈಗಲೇ ಬರೆಸಿಟ್ಟುಕೋ. ನುಂಗಿದ್ದೆಲ್ಲ ವಾಂತಿಯಾಗುತ್ತಿದ್ದರೆ ನೇರ ಆಸ್ಪತ್ರೆಗೆ ಹೋಗಿ, ಸ್ಟಿರಾಯ್ಡ್ ಮೇಲಿದ್ದೇನೆ ಅಂತ ಮೊದಲ ಮಾತಲ್ಲೇ ಹೇಳು. ಹೈಡ್ರೋಕಾರ್ಟಿಸೋನ್ (ಅದೂ ಸ್ಟಿರಾಯ್ಡೇ) ಇಂಜೆಕ್ಷನ್ ಬೇಕಾಗುತ್ತದೆ. ಇಮ್ಯುನಿಟಿ ತಗ್ಗಿಸುವ ಮೈಕೋಫೆನೊಲೇಟ್, ಅಜಥಯೋಪ್ರಿನ್, ಕಿಡ್ನಿಗೆಂದು ಕೊಟ್ಟ ಟೆಲ್ಮಿಸಾರ್ಟನ್, ಆಸ್ಪಿರಿನ್ 75: ಇವುಗಳಲ್ಲಿ ಯಾವುದನ್ನು ಕೆಲದಿನ ನಿಲ್ಲಿಸಬೇಕು ಅಂತಲೂ ಅದೇ ಚೀಟಿಯಲ್ಲಿ ಬರೆಸು. ನೀನಾಗಿ ತೀರ್ಮಾನಿಸಬೇಡ.

ಇನ್ನು ಜ್ವರ. ಜ್ವರ, ಕೀಲುನೋವು, ಮೈಮೇಲೆ ದದ್ದು, ಬಿಳಿಕಣ ಕಡಿಮೆ, ಪ್ಲೇಟ್ಲೆಟ್ ಕಡಿಮೆ. ಡೆಂಗಿಯ ಪಟ್ಟಿಯೂ ಇದೇ, ನಮ್ಮ ಫ್ಲೇರ್, ಅಂದರೆ ಲೂಪಸ್ ಕೆರಳಿದಾಗಿನ ಪಟ್ಟಿಯೂ ಇದೇ. ಡೆಂಗಿಗೆ ಮೊದಲ ಐದು ದಿನದೊಳಗೆ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್1 ಪರೀಕ್ಷೆ, ಆಮೇಲೆ ಅದರ ವಿರುದ್ಧ ಮೈ ತಯಾರಿಸಿದ ಆ್ಯಂಟಿಬಾಡಿ ಹುಡುಕುವ ಐಜಿಎಂ. ದಿಢೀರ್ ಕಿಟ್ ಅಲ್ಲ, ಲ್ಯಾಬಿನಲ್ಲಿ ಮಾಡುವ ಎಲೈಸಾ ವಿಧಾನದ್ದನ್ನೇ ಕೇಳು. 2024ರಲ್ಲಿ ಸರ್ಕಾರ ಒಂದೊಂದಕ್ಕೂ 300 ರೂಪಾಯಿ ಅಂತ ದರ ಕಟ್ಟಿತು. ನಮ್ಮ ರಕ್ತದಲ್ಲಿ ಬೇಡದ ಆ್ಯಂಟಿಬಾಡಿಗಳೇ ಓಡಾಡಿಕೊಂಡಿರುವುದರಿಂದ ಐಜಿಎಂ ಒಮ್ಮೊಮ್ಮೆ ಸುಳ್ಳೇ ಪಾಸಿಟಿವ್ ಬರುತ್ತದೆ. ಜೊತೆಗೆ ಮೂತ್ರ ಪರೀಕ್ಷೆ ಮಾಡಿಸು. ಹೊಸದಾಗಿ ಪ್ರೋಟೀನ್, ರಕ್ತಕಣ ಕಂಡರೆ, ಲೂಪಸ್‌ನ ಗುರುತಾದ ಡಿಎಸ್-ಡಿಎನ್‌ಎ ಆ್ಯಂಟಿಬಾಡಿ ಏರಿದ್ದರೆ, ಅನುಮಾನ ಫ್ಲೇರ್ ಕಡೆ ವಾಲುತ್ತದೆ.

ಎಲ್ಲರೂ ಪ್ಲೇಟ್ಲೆಟ್ ಎಷ್ಟು ಅಂತ ಕೇಳುತ್ತಾರೆ. ನೀನು ಪಿಸಿವಿ ನೋಡು, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ ಎಷ್ಟು ಅಂತ. ಲೂಪಸ್‌ನವರಿಗೆ ರಕ್ತಹೀನತೆ ಮಾಮೂಲು. ನಿನ್ನ ಎಂದಿನ ಪಿಸಿವಿ 30, ಈಗ 38 ಬಂತು ಅಂದುಕೋ. ಲ್ಯಾಬಿನ ಹಾಳೆ ಗಂಡಸರ ಲೆಕ್ಕದಲ್ಲಿ ಅದನ್ನು 'ಕಡಿಮೆ' ಅಂತಲೇ ಮುದ್ರಿಸುತ್ತದೆ. ನಿನಗೆ ಮಾತ್ರ ಅದು ಶೇ. 20ನ್ನೂ ಮೀರಿದ ಏರಿಕೆ, ರಕ್ತದೊಳಗಿನ ನೀರು ನಾಳದಿಂದ ಸೋರುತ್ತಿರುವ ಸೂಚನೆ. ಅದಕ್ಕೇ ಚೆನ್ನಾಗಿರುವಾಗಿನ ರಿಪೋರ್ಟು ಫೋನಿನಲ್ಲಿರಬೇಕು, ಡ್ಯೂಟಿ ಡಾಕ್ಟರ ಮುಂದೆ ಹಿಡಿಯಬೇಕು. ಸೋರಿಕೆ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ. ವಾಸಿಯಾಯಿತು ಅಂತ ಎಲ್ಲರೂ ನಿಟ್ಟುಸಿರು ಬಿಡುವ ಆ ಒಂದೆರಡು ದಿನವೇ ಗಂಡಾಂತರ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು, ಇವುಗಳಲ್ಲಿ ಒಂದಿದ್ದರೂ ಹೊರಡು. ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡ. ಬ್ರೂಫಿನ್, ಡೈಕ್ಲೋಫೆನಾಕ್ ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ, ನಮ್ಮ ಕಿಡ್ನಿಗೂ ಆಗುವುದಿಲ್ಲ.

ಸ್ಟಿರಾಯ್ಡ್ ಜ್ವರವನ್ನು ಅದುಮಿಡುತ್ತದೆ, ಥರ್ಮಾಮೀಟರ್ 99 ತೋರಿಸಿದರೂ ಒಳಗೆ ಏನೋ ನಡೆದಿರಬಹುದು. ಅದಕ್ಕೆ ನಾನು ಅಂಕಿಗಿಂತ ಮೈಯನ್ನು ಕೇಳುತ್ತೇನೆ. ಕೇಳುವಾಗಲೇ, ಇತ್ತೀಚೆಗೆ ಗಮನಿಸಿದೆ, ಒಳಗೊಳಗೇ ಹರಕೆ ಹೊತ್ತವಳ ಹಾಗೆ ಅಂದುಕೊಳ್ಳುತ್ತಿರುತ್ತೇನೆ: ಡೆಂಗಿಯೇ ಆಗಿರಲಿ. ಸಾಯಿಸಬಲ್ಲ ಜ್ವರವನ್ನು ಬೇಡಿಕೊಳ್ಳುವುದಾ? ಆದರೆ ಅದಕ್ಕೊಂದು ಕೊನೆಯ ದಿನ ಇದೆಯಲ್ಲ. ಡೆಂಗಿ ಅಂದರೆ ಪಕ್ಕದ ಮನೆಯವರು ಗಂಜಿ ತರುತ್ತಾರೆ, ಕೌಂಟ್ ಎಷ್ಟಾಯಿತು ಅಂತ ದಿನಾ ಫೋನು ಬರುತ್ತದೆ. ಲೂಪಸ್ ಹೇಗಿದೆ ಅಂತ ಮೊದಲ ವರ್ಷ ಕೇಳಿದವರು ಆಮೇಲೆ ಕೇಳುವುದಿಲ್ಲ. ತಪ್ಪು ಅವರದಲ್ಲ, ಉತ್ತರ ಯಾವಾಗಲೂ ಒಂದೇ. ನಿನಗೂ ಲೂಪಸ್ ಬಂದಿದೆ ಅಂತ ಗೊತ್ತಾದಾಗ ಬೇಜಾರಿನ ಕೆಳಗೆ ಒಂಚೂರು, ಒಂದೇ ಚೂರು, ಸಮಾಧಾನವೂ ಆಯಿತು ಕಣೋ. ಬೈಯಬೇಡ.

ಸಾಕು. ರಾತ್ರಿ ಎರಡು ಗಂಟೆಗೆ ಹೀಗೆಲ್ಲ ಬರೆಸುವುದು ಸ್ಟಿರಾಯ್ಡು, ನಾನಲ್ಲ. ಅದಕ್ಕೇ ನೀನು ಅದನ್ನು ಬೆಳಗಿನ ತಿಂಡಿಯ ಜೊತೆಗೇ ನುಂಗು. ಸಂಜೆ ನುಂಗಿದರೆ ನಿದ್ದೆ ಹೋಗಿ ನೀನೂ ಸಾಹಿತಿಯಾಗುತ್ತೀಯ, ಕನ್ನಡಕ್ಕೆ ಈಗಿರುವವರೇ ಸಾಕು. ಜ್ವರ ಯಾವುದೇ ಆಗಿರಲಿ, ಬಿಟ್ಟ ಎರಡು ವಾರಕ್ಕೆ ಮತ್ತೊಮ್ಮೆ ಮೂತ್ರ ಪರೀಕ್ಷೆ ಮಾಡಿಸು. ವೈರಸ್ ಹೋಗುವಾಗ ಫ್ಲೇರ್ ಎಬ್ಬಿಸಿ ಹೋಗುವುದುಂಟು. ರಿಪೋರ್ಟು ನನಗೆ ಕಳಿಸು, ಇಲ್ಲಿ ಎಲ್ಲರೆದುರು ಹಾಕಬೇಡ.

ಇತಿ,
ಚಂದ್ರಮುಖಿ
(ಸದ್ಯಕ್ಕೆ ಸ್ಟಿರಾಯ್ಡ್ 7.5 ಮಿಲಿಗ್ರಾಂ)