ಮಂಜುಗೆ, ಕಳೆದುಹೋದ ಒಂದು ಅಕ್ಷರದ ಬಗ್ಗೆ

ಮಂಜು,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿದ್ದೆ, ಗದ್ದಲ ಬೇರೆ. ನಿಮ್ಮ ಅಜ್ಜನ ಉತಾರದಲ್ಲಿ (ಹೊಲದ ಪಹಣಿ) ಸಂಗಪ್ಪನವರ, ಅಪ್ಪನ ಎಲ್‌ಸಿಯಲ್ಲಿ (ಶಾಲೆ ಬಿಟ್ಟ ಸರ್ಟಿಫಿಕೇಟು) ಸಂಗಣ್ಣವರ, ನಿನ್ನ ಪಾಸ್‌ಪೋರ್ಟಿನಲ್ಲಿ ಸಂಗನವರ. "ಇದರಾಗ ಖರೇ ಅಡ್ಡಹೆಸರು ಯಾವ್ದು?" ಅಂದೆಯಲ್ಲ, ನನಗೆ ಅನ್ನಿಸುವ ಮಟ್ಟಿಗೆ ಮೂರೂ ಖರೇನೇ. ಬರೆದುಕೊಂಡವರು ಬೇರೆ ಬೇರೆ, ಅವರ ಕಿವಿಗೆ ಕೇಳಿಸಿದ್ದು ಬೇರೆ ಬೇರೆ, ಅಷ್ಟೇ.

ನಾನು ಇದರಲ್ಲಿ ಬಿದ್ದದ್ದು ಅಪ್ಪ ತೀರಿಕೊಂಡ ಮೇಲೆ. ಲಕ್ಷ್ಮೇಶ್ವರದ ಹೊಲ ನಮ್ಮ ಹೆಸರಿಗೆ ಮಾಡಿಸಬೇಕಿತ್ತು. ವಾರಸಾಕ್ಕೆ ಅರ್ಜಿ ಕೊಟ್ಟರೆ, ಉತಾರದಲ್ಲಿರುವ ಬಸಪ್ಪ ಬಳಿಗೇರ ಬೇರೆ, ನೀವು ತಂದ ಕಾಗದದ ಬಸಪ್ಪ ಬಲಿಗಾರ ಬೇರೆ, ಇಬ್ಬರೂ ಒಬ್ಬರೇ ಅಂತ ತೋರಿಸಿ ಎಂದು ವಾಪಸ್ ಕಳಿಸಿದರು. ಬಲಿಗಾರ! ನಮ್ಮವರು ಬಳೆ ಮಾರಿ ಬದುಕಿದವರು. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಊರೂರು ತಿರುಗಿ, ಬಸುರಿ ಹೆಣ್ಣುಮಕ್ಕಳಿಗೆ ಹಸಿರು ಬಳೆ ಇಟ್ಟು ಬಂದವರು. ಆ ಕಾಗದ ಓದಿ ಹೇಳಿದಾಗ ಅವ್ವ ಎಷ್ಟೋ ಹೊತ್ತು ಮಾತಾಡಲಿಲ್ಲ.

ಅಕ್ಷರ ಎಲ್ಲಿ ತಪ್ಪಿತು ಅಂತ ಅವತ್ತೇ ಹುಡುಕಲು ಶುರು ಮಾಡಿದೆ. ನಮ್ಮ ಕಡೆ ಬಾಯಲ್ಲಿ ಬಳೆ ಅಂದರೆ ಬಳಿ, ಹಾಗಾಗಿ ಬಳಿಗಾರ. ಮನೆತನವನ್ನು ಸೇರಿಸಿ ಕರೆದರೆ ಬಳಿಗೇರ. ಬಡಿಗೇರ, ಗಾಣಿಗೇರ ಅನ್ನುವುದಿಲ್ವಾ, ಹಾಗೆ. ಊರಲ್ಲಂತೂ ಇವತ್ತಿಗೂ ಬಳಿಗೇರ ಬಸಪ್ಪ ಅಂತಲೇ ಹೇಳುತ್ತಾರೆ. ಮುಂದಿದ್ದ ಮನೆತನದ ಹೆಸರು ಹಿಂದೆ ಹೋದದ್ದು ಶಾಲೆಯ ರಜಿಸ್ಟರಿನಲ್ಲಿ. ಅದಕ್ಕೇ ಹಳೆ ದಾಖಲೆ ನೋಡುವಾಗ ಕಣ್ಣಿನಿಂದ ಓದಿದರೆ ಸಾಲದು, ಬಾಯಿ ಬಿಟ್ಟು ಓದು. ಹೇಳಿದರೆ ಒಂದೇ ಥರ ಕೇಳಿಸುವ ಹೆಸರನ್ನೆಲ್ಲ ಬರೆದಿಟ್ಟುಕೋ.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು. ಧಾರವಾಡ ಜಿಲ್ಲೆಯ ಹಳೆ ದಾಖಲೆಗಳಲ್ಲಿ ಮುತ್ತಜ್ಜನನ್ನು ಹುಡುಕಿ ಹುಡುಕಿ ಸೋತಿದ್ದೆ. ಸಿಗುವುದಾದರೂ ಹೇಗೆ? ಲಕ್ಷ್ಮೇಶ್ವರ ಈಗ ಗದಗ ಜಿಲ್ಲೆಯಲ್ಲಿದೆ, 1997ಕ್ಕೆ ಮುಂಚೆ ಧಾರವಾಡ ಜಿಲ್ಲೆಯಲ್ಲಿತ್ತು, 1948ಕ್ಕೆ ಮುಂಚೆ ಮಿರಜ ಸಂಸ್ಥಾನದಲ್ಲಿತ್ತು. ಪಕ್ಕದ ಶಿರಹಟ್ಟಿ ಸಾಂಗಲಿಯವರದು, ಕುಂದಗೋಳ ಜಮಖಂಡಿಯವರದು, ಸವಣೂರು ನವಾಬರದು. ನಾವು ಹುಬ್ಬಳ್ಳಿಯಿಂದ ಬಸ್ ಹತ್ತಿ ಮಧ್ಯಾಹ್ನದೊಳಗೆ ಸುತ್ತಿ ಬರುವ ಊರುಗಳು ಇವು, ಆದರೆ ಒಂದೊಂದರ ಕಾಗದ ಒಂದೊಂದು ದರಬಾರಿನಲ್ಲಿ. ನಿಮ್ಮದು ಕುಂದಗೋಳದ ಹತ್ತಿರದ ಹಳ್ಳಿ ಅಲ್ವಾ? 1948ಕ್ಕೆ ಮುಂಚೆ ಅದು ಯಾರ ಕೈಯಲ್ಲಿತ್ತು ಅನ್ನುವುದನ್ನು ಮೊದಲು ವಿಚಾರಿಸು.

ಕೊನೆಗೆ ನಮಗೆ ಕಾಗದ ಸಿಕ್ಕಿದ್ದು ಕಚೇರಿಯಲ್ಲಲ್ಲ, ದೊಡ್ಡಪ್ಪನ ಮನೆಯ ಟ್ರಂಕಿನಲ್ಲಿ. ಮೋಡಿ ಲಿಪಿ, ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ. ಕೈ ಎತ್ತದೆ ಒಂದೇ ಓಟಕ್ಕೆ ಬರೆದದ್ದು, ಪದಗಳ ನಡುವೆ ಜಾಗ ಇಲ್ಲ, ಹ್ರಸ್ವ ದೀರ್ಘದ ಲೆಕ್ಕ ಇಲ್ಲ. ಧಾರವಾಡದಲ್ಲಿ ಮೋಡಿ ಓದಬಲ್ಲ ಹಿರಿಯರೊಬ್ಬರು ಎರಡು ಸಂಜೆ ಕೂತು ಓದಿಕೊಟ್ಟರು. 'ಚನ್ನಪ್ಪ ಬಿನ್ ಮಾಲಪ್ಪ ಬಳಿಗಾರ.' ಬಿನ್ ಅಂದರೆ ಇಂಥವರ ಮಗ. ಚನ್ನಪ್ಪ ನನ್ನ ಮುತ್ತಜ್ಜ. ಮಾಲಪ್ಪನ ಹೆಸರು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವರು ಕಾಗದದ ಮೇಲೆ ಬೆರಳಿಟ್ಟು ಒಂದು ಅಕ್ಷರ ತೋರಿಸಿದರು, ಅದು ಳ. ಮರಾಠಿಯಲ್ಲಿ ಳ ಇದೆ ನೋಡು, ಹಾಗಾಗಿ ಅಲ್ಲಿ ಉಳಿದಿತ್ತು. ಇಂಗ್ಲಿಷಿನಲ್ಲಿ ಲಕ್ಕೂ ಳಕ್ಕೂ ಒಂದೇ ಎಲ್. ಅಪ್ಪನ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಅದನ್ನೇ ಕಂಪ್ಯೂಟರ್ ಮತ್ತೆ ಕನ್ನಡಕ್ಕೆ ತಿರುಗಿಸಿದಾಗ ಬಲಿಗಾರ ಆಯಿತು. ಡ, ದ, ಟ, ತ ಇರುವ ಹೆಸರಿಗೂ ಇದೇ ಗತಿ. ನಮ್ಮ ಹುಬ್ಬಳ್ಳಿಯೇ ಇಂಗ್ಲಿಷ್ ಬೋರ್ಡಿನಲ್ಲಿ ಹುಬ್ಲಿ ಆಗಿ ಕೂತಿತ್ತಲ್ಲ, 2014ರವರೆಗೆ.

ಮಾಲಪ್ಪನಿಂದ ಹಿಂದಕ್ಕೆ ಕಾಗದ ಇರಲಿಲ್ಲ. ದಾರಿ ತೋರಿಸಿದ್ದು ಮನೆದೇವರು. ನಮ್ಮ ಮನೆದೇವರು ದೇವರಗುಡ್ಡದ ಮಾಲತೇಶ, ರಾಣೆಬೆನ್ನೂರು ತಾಲೂಕು. ಲಕ್ಷ್ಮೇಶ್ವರದವರು ಅಷ್ಟು ದೂರದ ದೇವರಿಗೆ ಯಾಕೆ ನಡೆದುಕೊಳ್ಳುತ್ತೇವೆ ಅಂತ ಸಣ್ಣವನಿದ್ದಾಗ ಕೇಳಿ ಬೈಸಿಕೊಂಡಿದ್ದೆ. ಊರು ಬಿಟ್ಟರೂ, ಅಡ್ಡಹೆಸರು ಬದಲಾದರೂ, ಮನೆದೇವರನ್ನು ನಮ್ಮ ಜನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ, ಮನೆತನಗಳ ವಂಶಾವಳಿ ಹೇಳುವ ಹೆಳವರು ಬಂದರು. ಹಿಂದೆಲ್ಲ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದರು, ಇವರು ಬೈಕಿನ ಮೇಲೆ ಬಂದರು. ಕಟ್ಟೆಯ ಮೇಲೆ ಕೂತು, ಬಗಲಲ್ಲಿದ್ದ ದಪ್ಪ ಪುಸ್ತಕ ತೆರೆಯುವ ಮೊದಲೇ ಬಾಯಲ್ಲಿ ಶುರು ಮಾಡಿದರು. ಬಸಪ್ಪನ ಅಪ್ಪ ನಿಂಗಪ್ಪ, ನಿಂಗಪ್ಪನ ಅಪ್ಪ ಚನ್ನಪ್ಪ, ಚನ್ನಪ್ಪನ ಅಪ್ಪ ಮಾಲಪ್ಪ. ನಾವು ಅವರಿಗೆ ಆ ಹೆಸರು ಹೇಳಿರಲೇ ಇಲ್ಲ ಮಂಜು. ಮೈ ಝುಂ ಅಂತು. "ದೇವರಗುಡ್ಡದ ಸೀಮಿಯಿಂದ ದೊಡ್ಡ ಬರದಾಗ ಮಲಾರ ಹೊತ್ಕೊಂಡು ವರದಾ ಹೊಳಿ ದಾಟಿ ಬಂದಾವ" ಅಂದರು. ತಲೆಮಾರು ಎಣಿಸಿದರೆ 1876-78ರ ಬರಕ್ಕೆ ಸರಿಹೊಂದುತ್ತದೆ. ಅವರು ಹೇಳಿದ ಸಾಲಿನಲ್ಲಿ ಅಡ್ಡಹೆಸರೇ ಇರಲಿಲ್ಲ. ಇಂಥವನ ಮಗ ಇಂಥವ, ಇಂಥ ದೇವರ ಒಕ್ಕಲು, ಅಷ್ಟೇ. ಅವ್ವ ಒಳಗಿನಿಂದ ಒಂದು ಚೀಲ ಜೋಳ ತಂದು ಕೊಟ್ಟಳು.

ಹೊಲದ ಕೆಲಸ ವಂಶಾವಳಿ, ಅಫಿಡವಿಟ್ ಅಂತ ಅಲೆದು ಆಯಿತು, ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಈಗ ನಿನ್ನದು. ಸಂಗಪ್ಪನವರ ಅಂದರೆ ಸಂಗಪ್ಪನ ಮನೆಯವರು. ಹೆಸರೊಳಗೇ ಒಬ್ಬ ಹಿರಿಯ ಕೂತಿದ್ದಾನೆ. ಆ ಸಂಗಪ್ಪ ಬದುಕಿದ್ದಾಗ ಅವನಿಗೆ ಈ ಅಡ್ಡಹೆಸರು ಇರಲು ಸಾಧ್ಯವಿಲ್ಲ, ಅವನ ನಂತರದವರಿಗೆ ಬಂದದ್ದು. ಹಾಗಾಗಿ ಅವನಿಂದ ಹಿಂದಕ್ಕೆ ಸಂಗಪ್ಪನವರ, ಸಂಗಣ್ಣವರ ಅಂತ ಹುಡುಕಬೇಡ. ಸಂಗಪ್ಪ ಬಿನ್ ಯಾರು ಅಂತ ಹುಡುಕು. ಹೆಣ್ಣುಮಕ್ಕಳ ಹೆಸರಿನ ಮುಂದೆ ಕೋಂ ಅಂತ ಇದ್ದರೆ ಅದಾದ ಮೇಲೆ ಬರುವುದು ಗಂಡನ ಹೆಸರು, ಅದನ್ನೂ ಬಿಡಬೇಡ.

ಇದಕ್ಕೆಲ್ಲ ಮೊದಲು ನಿಮ್ಮ ದೊಡ್ಡ ಅತ್ತಿಯ ಹತ್ತಿರ ಹೋಗು. ಅವರಿಗೆ ಎಂಬತ್ತೆಂಟು ಅಂದೆ. ಮನೆದೇವರು ಯಾವುದು, ಜಾತ್ರೆಗೆ ಯಾವ ಊರಿಗೆ ಹೋಗುತ್ತಿದ್ದರು, ಹೆಳವರು ಕೊನೆಗೆ ಬಂದದ್ದು ಯಾವಾಗ, ಇಷ್ಟು ಕೇಳು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೋ. ಭಾನುವಾರ ನಾನು ಬಿಡುವಾಗಿದ್ದೇನೆ. ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಒಂಬತ್ತಕ್ಕೆ ನಿಂತಿರುತ್ತೇನೆ, ಇಬ್ಬರೂ ಹೋಗೋಣ.

ನಿನ್ನ,
ಬಳಿಗೇರ ಶಿವು