ನಮ್ಮ ಓದು ಕಾರ್ಡುಗಳು ಮುಗಿದವು: ಎಲ್ಲರಿಗೂ ಧನ್ಯವಾದ, ಒಬ್ಬರಿಗೆ ಜಾಸ್ತಿ

ಓದು ಕಾರ್ಡುಗಳ ಕೊನೆಯ ಕಟ್ಟು ಈ ವಾರ ಶಾಲೆಗಳಿಗೆ ಹೋಯಿತು. ಪಾವಗಡದ ಕಡೆಯ ನಮ್ಮ ಕ್ಲಸ್ಟರಿನಲ್ಲಿ, ಅಂದರೆ ಅಕ್ಕಪಕ್ಕದ ಸರ್ಕಾರಿ ಶಾಲೆಗಳ ಗುಂಪಿನಲ್ಲಿ, 1ರಿಂದ 3ನೇ ತರಗತಿವರೆಗಿನ ನಲಿ-ಕಲಿ (ಕಾರ್ಡುಗಳ ಮೂಲಕ ನಲಿಯುತ್ತಾ ಕಲಿಯುವ ಪದ್ಧತಿ) ಕೋಣೆಗಳಲ್ಲಿ ಇಲಾಖೆಯ ಕಾರ್ಡುಗಳ ಪಕ್ಕದಲ್ಲಿ ಈಗ ನಮ್ಮ ಪೂರಕ ಕಾರ್ಡುಗಳೂ ಇವೆ. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡದ ಓದು ಸಲೀಸಾಗಲಿ ಅಂತ ಶುರು ಮಾಡಿದ ಕೆಲಸ ಇದು. ಉಳಿದ ವಿವರ ನಿಮಗೆಲ್ಲ ಗೊತ್ತು, ಜೊತೆಗಿದ್ದವರೇ ನೀವು.

ಚಿತ್ರ ಬರೆದುಕೊಟ್ಟ ಡ್ರಾಯಿಂಗ್ ಮೇಷ್ಟ್ರು, ಕಾಗದದ ಖರ್ಚು ಹೊತ್ತ ಹಳೆಯ ವಿದ್ಯಾರ್ಥಿಗಳು, ಬೇರೆ ಕೆಲಸ ಬದಿಗಿಟ್ಟು ನಮ್ಮದನ್ನು ಮೊದಲು ಮಾಡಿಕೊಟ್ಟ ಪ್ರೆಸ್ಸಿನವರು, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ನಮ್ಮ ಸಿ.ಆರ್.ಪಿ. ಸರ್, ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನ ಉಪನ್ಯಾಸಕರು, ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಮನೆಮಾತಿನ ಪದಗಳನ್ನು ಹೇಳಿಕೊಟ್ಟ ತಾಯಂದಿರು: ನಿಮ್ಮೆಲ್ಲರಿಗೂ ಮನಸಾರೆ ವಂದನೆ.

ಇನ್ನು ನಾವೆಲ್ಲ ದೊಡ್ಡ ಮೇಡಂ ಅನ್ನುವ ಹಿರಿಯ ಟೀಚರ್ ಬಗ್ಗೆ. ಹೆಸರು ಹಾಕಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿದ್ದಾರೆ, ಹಾಕುವುದಿಲ್ಲ. ಯಾರು ಅಂತ ಕ್ಲಸ್ಟರಿನಲ್ಲಿ ಎಲ್ಲರಿಗೂ ಗೊತ್ತು.

ಟೀಚರುಗಳ ಮೊದಲ ತರಬೇತಿಯ ಹಿಂದಿನ ರಾತ್ರಿ ಅದು. ಕಾರ್ಡಿನ ಕಟ್ಟುಗಳು ಸಂಜೆ ಬಂದವು. ನಾವೆಲ್ಲ ಎಣಿಸಿ ಜೋಡಿಸುತ್ತಿದ್ದೆವು. ಮೇಡಂ ಮಾತ್ರ ಒಂದು ಸೆಟ್ ತೆಗೆದುಕೊಂಡು ಮೂಲೆಯಲ್ಲಿ ಕೂತು, ಒಂದನೇ ತರಗತಿ ಮಗುವಿನ ಹಾಗೆ ಬೆರಳಿಟ್ಟು ಓದುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಒಂದು ಕಾರ್ಡು ಎತ್ತಿ ಹಿಡಿದರು. 'ಅರಸ' ಇರಬೇಕಾದ ಕಡೆ 'ರಾಜ' ಅಂತಿತ್ತು.

ನಲಿ-ಕಲಿ ಗೊತ್ತಿಲ್ಲದವರಿಗೆ ಇದರಲ್ಲಿ ತಪ್ಪೇನು ಅನ್ನಿಸಬಹುದು. ಅಲ್ಲಿ ಅಕ್ಷರ ಕಲಿಸುವುದು ಅ, ಆ, ಇ ಅಂತ ಅಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಮಗು ಸರ, ರಸ, ಅಗಸ, ಅರಸ, ಗರಗಸ ಅಂತ ಓದಿಬಿಡುತ್ತದೆ. ಶಾಲೆಗೆ ಬಂದ ಸ್ವಲ್ಪ ದಿನಕ್ಕೇ 'ನನಗೆ ಓದೋಕೆ ಬರುತ್ತೆ' ಅನ್ನುವ ಧೈರ್ಯ ಬರುವುದು ಹೀಗೆ. 'ರಾಜ' ಪದದಲ್ಲಿ ದೀರ್ಘ ಇದೆ, 'ಜ' ಇದೆ. ಎರಡೂ ಮುಂದೆ ಬರುವಂಥವು. ತೆಲುಗು ಮನೆಯ ಮಕ್ಕಳಿಗೆ 'ಅರಸ'ಕ್ಕಿಂತ 'ರಾಜ' ಹತ್ತಿರ ಅಂತ ಯಾರೋ ಸಲಹೆ ಕೊಟ್ಟಿದ್ದರು. ಆಶಯ ಒಳ್ಳೆಯದೇ. ಆದರೆ ಆ ಬದಲಾವಣೆ ವಾಟ್ಸಾಪಿನಲ್ಲಿ ಬಂದು, ನೇರವಾಗಿ ಮುದ್ರಣದ ಫೈಲಿಗೆ ಹೋಗಿತ್ತು. ನಡುವೆ ಒಂದು ಮಗುವೂ ಅದನ್ನು ಓದಿ ನೋಡಿರಲಿಲ್ಲ.

ಅಷ್ಟೇ ಆಗಿದ್ದರೆ ಆ ಒಂದು ಕಾರ್ಡು ತೆಗೆದರೆ ಮುಗಿಯುತ್ತಿತ್ತು. ಮಧ್ಯದಲ್ಲಿ ಒಂದು ಹೊಸ ಕಾರ್ಡು ಬೇರೆ ಸೇರಿಸಿದ್ದರು. ಅಲ್ಲಿಂದಾಚೆ ಎಲ್ಲ ಸಂಖ್ಯೆಗಳೂ ಒಂದೊಂದು ಮುಂದಕ್ಕೆ ಸರಿದಿದ್ದವು. ಯಾವ ಕಾರ್ಡಾದ ಮೇಲೆ ಯಾವುದು ಅಂತ ತೋರಿಸಲು ಗೋಡೆಗೆ ಹಾಕುವ ಪಟ, ಕಲಿಕಾ ಏಣಿಯಲ್ಲಿ ಮಾತ್ರ ಹಳೆಯ ಸಂಖ್ಯೆಗಳೇ. ಮಗು ಏಣಿ ನೋಡುತ್ತದೆ, ಲಾಂಛನ ಮತ್ತು ಸಂಖ್ಯೆ ಹುಡುಕಿ ತಾನೇ ಕಾರ್ಡು ತೆಗೆದುಕೊಳ್ಳುತ್ತದೆ, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಏಣಿಗೂ ಕಾರ್ಡಿಗೂ ತಾಳೆ ಇಲ್ಲದಿದ್ದರೆ ಇಡೀ ಕೋಣೆ ಗಲಿಬಿಲಿ.

ಎಲ್ಲರಿಗೂ ದಣಿವಾಗಿತ್ತು. ಈಗ ಹೀಗೇ ಕೊಟ್ಟುಬಿಡೋಣ, ಟೀಚರುಗಳು ಅಡ್ಜಸ್ಟ್ ಮಾಡ್ಕೋತಾರೆ ಅಂತ ಮಾತು ಬಂತು. ಮೇಡಂ ತಲೆ ಎತ್ತದೆ ಹೇಳಿದರು: "ಟೀಚರ್ ಮಾಡ್ಕೋತಾರೆ ಸರ್. ಮಗು ಮಾಡ್ಕೊಳ್ಳಲ್ಲ. ಅದು ಅಲ್ಲೇ ನಿಂತುಬಿಡುತ್ತೆ."

ಆಮೇಲೆ ಒಬ್ಬೊಬ್ಬರೇ ಹೊರಟರು. ಅವರಿಗೂ ಮನೆ, ಮಕ್ಕಳು, ಕೊನೇ ಬಸ್ಸು. ಯಾರನ್ನೂ ದೂರುತ್ತಿಲ್ಲ. ಉಳಿದವರು ಮೇಡಂ ಮತ್ತು ನಾನು. ಅವರು ಕಾರ್ಡು ತೆಗೆದು ಕೊಡುತ್ತಿದ್ದರು, ನಾನು ಸಂಖ್ಯೆಯ ಮೇಲೆ ಬಿಳಿ ಚೀಟಿ ಅಂಟಿಸಿ ಸರಿಯಾದದ್ದನ್ನು ಬರೆಯುತ್ತಿದ್ದೆ. ಕರೆಂಟು ಹೋಯಿತು. ಮೊಬೈಲಿನ ಬೆಳಕಿನಲ್ಲೇ ಮುಂದುವರಿಸಿದರು. ಮಂಡಿ ನೋವಿಗೆ ನೆಲದ ಮೇಲೆ ಕೂರಲು ಆಗದೆ, ಪುಟ್ಟ ಮಕ್ಕಳ ಕುರ್ಚಿಯ ಮೇಲೆ ಕೂತಿದ್ದರು.

ನಡುರಾತ್ರಿ ದಾಟಿದ ಮೇಲೆ ನನ್ನ ಕೈಲಿ ಆಗಲಿಲ್ಲ. ಅದೇ ತಿಂಗಳು ಅಮ್ಮನನ್ನು ಕಳೆದುಕೊಂಡಿದ್ದೆ. ಯಾತಕ್ಕಾಗಿ ಇದೆಲ್ಲ, ಯಾರು ಕೇಳಿದರು ಅಂತ ಜೋರಾಗಿ ಅಂದೆ. ಅತ್ತೂಬಿಟ್ಟೆ. ಮೇಡಂ ಸಮಾಧಾನದ ಮಾತು ಆಡಲಿಲ್ಲ. ಫ್ಲಾಸ್ಕಿನ ಟೀ ಬಗ್ಗಿಸಿ ಕೊಟ್ಟರು. ತಮ್ಮ ತರಗತಿಯ ಒಬ್ಬ ಹುಡುಗಿಯ ಬಗ್ಗೆ ಹೇಳಿದರು. ಓದಲಾಗದ ಕಾರ್ಡು ಬಂದಾಗಲೆಲ್ಲ ಅದನ್ನು ಮಗುಚಿಟ್ಟು, 'ನಂಗೆ ಬರಲ್ಲ ಮಿಸ್' ಅನ್ನುತ್ತಿದ್ದಳಂತೆ. ಒಂದು ದಿನ ಮೇಡಂ ಆ ಕಾರ್ಡನ್ನೇ ನೋಡಿದರೆ ಅದರಲ್ಲಿ ಕಲಿಸದ ಅಕ್ಷರ ಇತ್ತಂತೆ. "ತಪ್ಪು ಕಾರ್ಡಿಂದು ಸರ್. ಅವಳು ತಾನೇ ದಡ್ಡಿ ಅಂದ್ಕೊಂಡಿದ್ಲು."

ಈ ಮಾತು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ. ಆರು ವರ್ಷದ ಮಗು ನಮ್ಮನ್ನು ಪ್ರಶ್ನೆ ಮಾಡುವುದಿಲ್ಲ. ತನ್ನನ್ನೇ ಅನುಮಾನಿಸಿಕೊಳ್ಳುತ್ತದೆ. ಟೀ ಕುಡಿದು ಮತ್ತೆ ಕೂತೆವು. ಬೆಳಿಗ್ಗೆ ತರಬೇತಿ ಸರಿಯಾದ ಸಮಯಕ್ಕೇ ಶುರುವಾಯಿತು.

ಅದಾದ ಮೇಲೆ ಮೇಡಂ ಒಂದು ಉದ್ದನೆಯ ನೋಟ್‌ಬುಕ್ ತಂದರು. ಯಾವ ಕಾರ್ಡು, ಯಾರು ಬದಲಿಸಿ ಅಂದರು, ಏಕೆ, ಯಾವ ಶಾಲೆಯ ಮಕ್ಕಳು ಓದಿ ನೋಡಿದರು, ಇದರಿಂದ ಏಣಿಯಲ್ಲಿ, ಮಗು ಎಲ್ಲಿವರೆಗೆ ಬಂತು ಅಂತ ಗುರುತು ಹಾಕುವ ಪ್ರಗತಿ ನೋಟದಲ್ಲಿ, ಕೈಪಿಡಿಯಲ್ಲಿ ಏನೇನು ಬದಲಾಗಬೇಕು. ಇಷ್ಟೂ ತುಂಬದೆ ಯಾವ ಬದಲಾವಣೆಯೂ ಇಲ್ಲ, ಹೇಳಿದವರು ಎಷ್ಟೇ ದೊಡ್ಡವರಾಗಿರಲಿ. ಹೊಸ ಕಾರ್ಡು ಬಂದರೆ ಹಳೆಯ ಸಂಖ್ಯೆಗಳನ್ನು ಮುಟ್ಟುವಂತಿಲ್ಲ, ಅದಕ್ಕೆ '12ಅ' ಅಂತ ಹೆಸರು. ಪ್ರತಿ ಕಾರ್ಡಿನ ಮೂಲೆಯಲ್ಲಿ ತಿಂಗಳು, ವರ್ಷ. ಹೊಸದನ್ನು ಕೊಡುವಾಗ ಹಳೆಯದನ್ನು ಎಣಿಸಿ ವಾಪಸ್ ತೆಗೆದುಕೊಳ್ಳುವುದು. ಈ ಕೊನೆಯದು ಎಲ್ಲಕ್ಕಿಂತ ಕಷ್ಟ. ಟೀಚರುಗಳಿಗೆ ಏನನ್ನೂ ಬಿಸಾಡಲು ಮನಸ್ಸು ಬರುವುದಿಲ್ಲ, ಅಲ್ವಾ?

ಬದಲಾವಣೆ ಬೇಡ ಅನ್ನುವವರಲ್ಲ ಅವರು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾದಾಗ, ಆಂಧ್ರದ ಋಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು ಕಾರ್ಡು ತಯಾರಿಸಿದವರು ಪಾಠ ಮಾಡುವ ಟೀಚರುಗಳೇ ಅಂತ ಪದೇ ಪದೇ ನೆನಪಿಸುತ್ತಿದ್ದರು. 2009-10ರಲ್ಲಿ ಅದು ಇಡೀ ರಾಜ್ಯಕ್ಕೆ ಬಂತು. ಲಕ್ಷಾಂತರ ಮಕ್ಕಳಿಗೆ ತಲುಪಿತು, ಅದು ಸಣ್ಣ ಮಾತಲ್ಲ. ಆದರೆ ಎಲ್ಲ ಕಡೆಗೂ ಒಂದೇ ಕಾರ್ಡು ಅಂದಮೇಲೆ, ಒಬ್ಬ ಟೀಚರ್ ಕಂಡ ತೊಡಕು ಮೇಲಕ್ಕೆ ಹೋಗಿ ಸರಿಯಾಗಿ ಬರುವಷ್ಟರಲ್ಲಿ ಆ ಮಗು ಮುಂದಿನ ತರಗತಿ ದಾಟಿರುತ್ತದೆ. ಮಗುವಿನ ಎದುರು ಕೂತವರಿಗೆ ಬದಲಿಸುವ ಹಕ್ಕು ಇರಬೇಕು, ಬದಲಿಸಿದ್ದಕ್ಕೆ ದಾಖಲೆಯೂ ಇರಬೇಕು. ನಾನು ಇದನ್ನು ಕಲಿತದ್ದು ಮೇಡಂ ಹತ್ತಿರ.

ಇನ್ನೊಂದು ಸಂದರ್ಭ. ಕೊರೊನಾದಿಂದ ಮುಚ್ಚಿದ್ದ 1ರಿಂದ 5ನೇ ತರಗತಿಗಳು 2021ರ ಅಕ್ಟೋಬರ್ ಕೊನೆಯಲ್ಲಿ ಮತ್ತೆ ಶುರುವಾದಾಗ, ಎರಡನೇ ತರಗತಿಯ ಮಕ್ಕಳು ಒಂದನೇ ತರಗತಿಯಲ್ಲಿ ಕೂತೇ ಇರಲಿಲ್ಲ. 2022-23ರಲ್ಲಿ ತಪ್ಪಿಹೋದ ಕಲಿಕೆ ತುಂಬಲು ಕಲಿಕಾ ಚೇತರಿಕೆ ಬಂತು, ಮಕ್ಕಳನ್ನು ಶಾಲೆಗೆ ಸಿದ್ಧಪಡಿಸುವ ವಿದ್ಯಾಪ್ರವೇಶ ಬಂತು, ನಮ್ಮ ವೇಳಾಪಟ್ಟಿ ತಲೆಕೆಳಗಾಯಿತು. ಕಾರ್ಡುಗಳನ್ನು ಅರ್ಧಕ್ಕೆ ಇಳಿಸೋಣ ಎಂಬ ಒತ್ತಡವಿತ್ತು. ಮೇಡಂ ಒಪ್ಪಲಿಲ್ಲ. ತಡವಾಗಿ ಶುರು ಮಾಡೋಣ, ಮೆಟ್ಟಿಲು ಹಾರಿಸುವುದು ಬೇಡ ಅಂದರು. ಹಾಗೇ ಮಾಡಿದೆವು.

ಮೇಡಂ, ಮುಂದಿನ ತಿಂಗಳು ನೀವು ನಿವೃತ್ತರಾಗುತ್ತೀರಿ. ಹಾರ, ಶಾಲು ಬೇಡ ಅಂದಿದ್ದೀರಿ. ಸರಿ. ಆದರೆ ಆ ರಾತ್ರಿ ನೀವು ಎದ್ದು ಹೋಗಿದ್ದರೆ ನಾನೂ ಹೋಗುತ್ತಿದ್ದೆ, ಈ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಇದನ್ನು ನಿಮ್ಮ ಎದುರು ಹೇಳಲು ನನಗೆ ಯಾವತ್ತೂ ಆಗಲಿಲ್ಲ. ಇಲ್ಲಿ, ಎಲ್ಲರ ಮುಂದೆ ಹೇಳುತ್ತಿದ್ದೇನೆ.

ನೋಟ್‌ಬುಕ್ಕನ್ನು ಮೇಡಂ ಈಗಾಗಲೇ ಇಬ್ಬರು ಹೊಸ ಟೀಚರುಗಳ ಕೈಗೆ ಕೊಟ್ಟಿದ್ದಾರೆ. ಮೇಡಂ ಕೇಳಿದ್ದು ಒಂದೇ: ಮೂಲೆಯಲ್ಲಿ ತಿಂಗಳು, ವರ್ಷ ಇಲ್ಲದ ಹಳೆಯ ಕಾರ್ಡುಗಳು ಯಾರ ಶಾಲೆಯಲ್ಲಾದರೂ ಇನ್ನೂ ಉಳಿದಿದ್ದರೆ, ಜೂನ್ ತಿಂಗಳ ಸಮಾಲೋಚನಾ ಸಭೆಗೆ ದಯವಿಟ್ಟು ತಂದುಕೊಡಿ.